ಕುಕಡಿ ನದಿಯ ಒರಳುಗಳು

ಪುಣೆಯಲ್ಲಿರುವ ನಮ್ಮವರಿಗೆ ಭಾನುವಾರವೆಂದರೆ ಬಟ್ಟೆ ಒಗೆಯುವ ದಿನ, ಸಂತೆ ಮಾಡುವ ದಿನ, ಊರಿಗೆ ಫೋನು ಮಾಡುವ ದಿನ. ಎಲ್ಲೋ ಒಂದು ಸಲ ಮನಸ್ಸು ಬಂದರೆ ಸಿಂಹಗಡಕ್ಕೋ ಲೋಣಾವಳಕ್ಕೋ ಹೋಗಿ, ಜನಜಂಗುಳಿಯಲ್ಲಿ ತಿರುಗಿ, ದಣಿದು ಮರಳುತ್ತೇವೆ. ಆ ಸ್ಥಳಗಳನ್ನು ನೋಡಬಾರದೆಂದು ನಾವು ಹೇಳುವುದಿಲ್ಲ. ಆದರೆ ಸುಮಾರು 90 ಕಿಲೋಮೀಟರು ದೂರದಲ್ಲಿ, ಒಂದೇ ದಿನದಲ್ಲಿ ನೋಡಿ ಬರಬಹುದಾದ ಇನ್ನೊಂದು ಸ್ಥಳವುಂಟು. ಅದನ್ನು ಕಟ್ಟಿಸಿದ ರಾಜನಿಲ್ಲ, ಕೆತ್ತಿದ ಶಿಲ್ಪಿಯಿಲ್ಲ. ಅದು ನಿಘೋಜದ ಕುಂಡ. ಅದನ್ನು ಹೇಗೆ ನೋಡಬೇಕು, ಯಾರೊಡನೆ ಹೋಗಿ ನೋಡಬೇಕು ಎಂಬುದೇ ಈ ಪಾಠದ ವಿಷಯ.

ನಿಘೋಜವು ಪಾರನೇರ ತಾಲೂಕಿನ ಊರು. ಬಹುಕಾಲ ಅಹಮದ್‌ನಗರವೆನಿಸಿಕೊಂಡು ಈಗ ಅಹಿಲ್ಯಾನಗರವೆಂಬ ಹೆಸರು ಪಡೆದ ಜಿಲ್ಲೆಗೆ ಸೇರಿದ್ದು. ಊರಿನಿಂದ ಸ್ವಲ್ಪ ದೂರದಲ್ಲಿ ಕುಕಡಿ ನದಿ ಹರಿಯುತ್ತದೆ. ನದಿಯ ಆಚೆಯ ದಂಡೆ ಪುಣೆ ಜಿಲ್ಲೆಯ ಟಾಕಳಿ ಹಾಜಿ. ದಂಡೆಯ ಮೇಲೆ ಮಳಗಂಗಾ ದೇವಿಯ ಗುಡಿಯುಂಟು. ಚೈತ್ರದಲ್ಲಿ ಜಾತ್ರೆ ಕೂಡುತ್ತದೆ. ಗುಡಿಯ ಎದುರಿಗೆ ನದಿಯ ಪಾತ್ರವೆಲ್ಲ ಕರಿಕಲ್ಲು. ಆ ಕಲ್ಲಿನಲ್ಲಿ ಬೋಗುಣಿಯಷ್ಟು ಚಿಕ್ಕವು, ಆಳು ಇಳಿದರೆ ಕಾಣದಷ್ಟು ದೊಡ್ಡವು, ಲೆಕ್ಕವಿಲ್ಲದಷ್ಟು ಗುಂಡಗಿನ ಕುಳಿಗಳು. ಮರಾಠಿಗರು ಇವನ್ನು ರಾಂಜಣ-ಖಳಗೆ ಎನ್ನುತ್ತಾರೆ. ರಾಂಜಣವೆಂದರೆ ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ, ನಮ್ಮ ಕಡೆಯ ರಂಜಣಿಗೆಯೇ ಅದು. ಏಷ್ಯಾ ಖಂಡದಲ್ಲಿಯೇ ಎಲ್ಲಕ್ಕಿಂತ ದೊಡ್ಡ ಕುಳಿಗಳಿವು ಎಂದು ಪ್ರವಾಸದ ಹೊತ್ತಗೆಗಳು ಬರೆಯುತ್ತವೆ. ಅಳೆದವರು ಯಾರೆಂದು ಮಾತ್ರ ಬರೆಯುವುದಿಲ್ಲ. ದೊಡ್ಡದೆಂಬ ಕಾರಣಕ್ಕಾಗಿ ನೋಡಬೇಕಾದ ಸ್ಥಳವೂ ಇದಲ್ಲ.

ನಾವು ಹದಿನಾಲ್ಕು ಜನ ಹೋಗಿದ್ದೆವು. ಕಚೇರಿಯ ಗುಮಾಸ್ತರು ಐವರು, ಅವರ ಮನೆಯ ಹೆಂಗಸರು ಮೂವರು, ಮಕ್ಕಳಿಬ್ಬರು, ಯಾದಗಿರಿ ಕಡೆಯ ಗವಂಡಿ ಕೆಲಸದವರು ಇಬ್ಬರು, ಭೂವಿಜ್ಞಾನ ಬಲ್ಲ ಗೆಳೆಯರೊಬ್ಬರು, ಜೊತೆಗೆ ಆ ಊರಿನವರೇ ಆದ ಹಿರಿಯರೊಬ್ಬರು. ದಾರಿ ತೋರಿಸುವವರು ಇಬ್ಬರು ಯಾಕೆಂದು ಕೇಳಬಹುದು. ಕಲ್ಲು ಹೇಗೆ ಹುಟ್ಟಿತೆಂಬುದನ್ನು ಓದಿದವರು ಹೇಳಬಲ್ಲರು. ಯಾವ ಕಲ್ಲು ಜಾರುತ್ತದೆಂಬುದನ್ನು ಅಲ್ಲಿ ಹುಟ್ಟಿ ಬೆಳೆದವರು ಮಾತ್ರ ಹೇಳಬಲ್ಲರು. ಎರಡೂ ಬೇಕು.

ಭೂವಿಜ್ಞಾನದ ಗೆಳೆಯರು ಹೋದೊಡನೆ ಉಪನ್ಯಾಸ ಮಾಡಲಿಲ್ಲ. ಒಣಗಿದ ಒಂದು ಕುಳಿಯ ಸುತ್ತ ನಮ್ಮನ್ನು ಕೂಡಿಸಿ, "ನೀರು ಮೆತ್ತಗೆ, ಕಲ್ಲು ಗಟ್ಟಿ. ಮೆತ್ತಗಿನದು ಗಟ್ಟಿಯದನ್ನು ಹೀಗೆ ಕೊರೆದದ್ದು ಹೇಗೆ?" ಎಂದು ಕೇಳಿ ಸುಮ್ಮನಾದರು. ಗುಮಾಸ್ತರೊಬ್ಬರು, ಸಾವಿರಾರು ವರ್ಷ ನೀರು ಹರಿದು ಹರಿದು ಕಲ್ಲು ಸವೆದಿದೆ ಎಂದರು. ನಮ್ಮಲ್ಲಿ ಬಹುಮಂದಿ ಶಾಲೆಯಲ್ಲಿ ಕಲಿತ ಉತ್ತರವೂ ಅದೇ. ಆಗ ಗವಂಡಿಗಳಲ್ಲಿ ಹಿರಿಯವನು, ಬೆಳಗಿನಿಂದ ಮಾತನ್ನೇ ಆಡದಿದ್ದವನು, ಕುಳಿಯ ಅಂಚನ್ನು ಅಂಗೈಯಿಂದ ಸವರಿ ನೋಡಿ ಹೇಳಿದ: "ಹರಿಯೋ ನೀರೇ ಸವಸಿದ್ರ ಎಲ್ಲಾ ಕಡಿ ಸಪಾಟ ಆಗಬೇಕಿತ್ತಲ್ರೀ. ಹಿಂಗ ಒಂದೊಂದು ಕಡಿ ತೂತು ಯಾಕ ಬೀಳ್ತದ? ನೀರು ಬರೇ ತಿರುವ್ಯಾದ್ರೀ. ಕೊರದಿದ್ದು ಕಲ್ಲೇ."

ಗೆಳೆಯರು ಎದ್ದು ನಿಂತು ಅವನ ಬೆನ್ನು ತಟ್ಟಿದರು. ಕುಳಿಯ ತಳದಲ್ಲಿ ಮರಳಿನ ನಡುವೆ ನುಣ್ಣಗಿನ ನಾಲ್ಕೈದು ಗುಂಡುಕಲ್ಲುಗಳು ಬಿದ್ದಿದ್ದವು. ಅವೇ ಆ ಕುಳಿಯನ್ನು ಕೊರೆದ ಉಳಿಗಳು.

ನಮ್ಮ ಮನೆಗಳ ಒರಳನ್ನು ನೆನೆಸಿಕೊಂಡರೆ ಇದು ತಿಳಿಯಲು ತಡವಾಗದು. ಒರಳಿನಲ್ಲಿ ಗುಂಡು ತಿರುಗುತ್ತದೆ, ತಿರುಗಿಸುವುದು ಕೈ. ಅಕ್ಕಿ ಬೇಳೆ ನುಣ್ಣಗಾಗುವಾಗ ಒರಳೂ ಗುಂಡೂ ಕಣ್ಣಿಗೆ ಕಾಣದಷ್ಟು ಸವೆಯುತ್ತವೆ. ಅಜ್ಜಿಯ ಕಾಲದ ಒರಳು ಆಳವಾಗಿರುವುದು ಅದಕ್ಕಾಗಿಯೇ. ನದಿಯಲ್ಲಿ ಕೈಯ ಕೆಲಸವನ್ನು ಸುಳಿ ಮಾಡುತ್ತದೆ. ಮಳೆಗಾಲದ ಪೂರ ಬಂದಾಗ ನೀರು ಕಲ್ಲು ಮರಳುಗಳನ್ನು ಎಳೆದುಕೊಂಡು ಬರುತ್ತದೆ. ಪಾತ್ರದ ಬಂಡೆಯಲ್ಲಿ ಎಲ್ಲಿಯಾದರೂ ಒಂದು ತಗ್ಗಿದ್ದರೆ ಅಲ್ಲಿ ನೀರು ಸುಳಿಗೊಳ್ಳುತ್ತದೆ. ತಗ್ಗಿನೊಳಗೆ ಬಿದ್ದ ಕಲ್ಲು ಹೊರಗೆ ಬರಲಾರದೆ ಅಲ್ಲಿಯೇ ಗಿರಗಿರನೆ ಸುತ್ತುತ್ತದೆ. ಸುತ್ತುತ್ತ ಬಂಡೆಯನ್ನೂ ಸವೆಸುತ್ತದೆ, ತಾನೂ ಸವೆಯುತ್ತದೆ. ಕಡೆಗೆ ಅದು ಮರಳಾಗಿ ಹೋದರೆ ಮುಂದಿನ ವರ್ಷದ ಪೂರ ಇನ್ನೊಂದು ಕಲ್ಲನ್ನು ತಂದು ಹಾಕುತ್ತದೆ. ಹೀಗೆ ಎಷ್ಟು ಗುಂಡುಗಳು ಪುಡಿಯಾದರೆ ಆಳುದ್ದದ ಒಂದು ಕುಳಿ ಆದೀತು!

ಇಷ್ಟು ತಿಳಿದ ಮೇಲೆ ಕುಳಿಗಳ ಆಕಾರವೂ ಮಾತಾಡತೊಡಗುತ್ತದೆ. ಕೆಲವುಗಳ ಬಾಯಿ ಕಿರಿದು, ಹೊಟ್ಟೆ ಅಗಲ. ಗುಂಡುಕಲ್ಲುಗಳ ಓಡಾಟವೆಲ್ಲ ಕೆಳಗಡೆ ನಡೆದಿರುವುದರಿಂದ ಅಲ್ಲಿ ಸವೆತ ಹೆಚ್ಚು. ಪಕ್ಕಪಕ್ಕದ ಎರಡು ಕುಳಿಗಳ ಹೊಟ್ಟೆ ಬೆಳೆಯುತ್ತ ಬೆಳೆಯುತ್ತ ನಡುವಿನ ಗೋಡೆ ತೆಳ್ಳಗಾಗಿ, ಒಂದು ದಿನ ತೂತು ಬೀಳುತ್ತದೆ; ಕಿಟಕಿಯಂತೆ ಕಾಣುತ್ತದೆ. ಆಮೇಲೆ ಗೋಡೆಯೇ ಬಿದ್ದು ಎರಡೂ ಒಂದಾಗುತ್ತವೆ. ಬೇಸಿಗೆಯಲ್ಲಿ ನದಿ ಹರಿಯುವ ಆಳವಾದ ಸೀಳು ಹೀಗೆ ಒಂದರೊಳಗೊಂದು ಕೂಡಿಕೊಂಡ ಕುಳಿಗಳ ಸಾಲು. ಅದರ ಎರಡೂ ಬದಿಯಲ್ಲಿ ಅರ್ಧ ಒಡೆದ ಗಡಿಗೆಯ ಹೋಳಿನಂತೆ ನಿಂತ ಗೋಡೆಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಕಲ್ಲಿನ ವಿಷಯ ನಾಲ್ಕು ಮಾತು. ಇದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಆರಿ ಗಟ್ಟಿಯಾದದ್ದು; ಬಸಾಲ್ಟ್ ಎಂದು ಹೆಸರು. ಪದರದ ಮೇಲೆ ಪದರವಾಗಿ ಬಿದ್ದು, ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರು ನೆಲವನ್ನು ಮುಚ್ಚಿಕೊಂಡಿದೆ. ಲಾವಾ ಆರುವಾಗ ಒಳಗಿನ ಗಾಳಿ ಗುಳ್ಳೆಗಳಾಗಿ ಸಣ್ಣ ತೂತುಗಳು ಉಳಿದವು, ಕಲ್ಲು ಕುಗ್ಗಿ ಬಿರುಕುಗಳು ಬಿದ್ದವು. ಸುಳಿಗೆ ಮೊದಲ ತಗ್ಗು ಸಿಕ್ಕುವುದು ಇಂಥಲ್ಲಿಯೇ. ಬೆಳಗಾವಿ, ವಿಜಯಪುರ, ಬೀದರ, ಕಲಬುರಗಿ ಜಿಲ್ಲೆಗಳಲ್ಲಿಯೂ ಇದೇ ಕಲ್ಲು ಹಬ್ಬಿದೆ. ಅದು ಕೊಳೆತು ಕರಗಿಯೇ ನಮ್ಮ ಎರೆಭೂಮಿ ಆಯಿತು. ಜೋಳ, ತೊಗರಿ, ಹತ್ತಿ ಬೆಳೆಯುವ ಆ ಕರಿಮಣ್ಣಿನ ತಾಯಿ ಈ ಕರಿಕಲ್ಲು.

ಕುಳಿ ಬೀಳಲು ಬಸಾಲ್ಟೇ ಬೇಕೆಂದೇನೂ ಇಲ್ಲ. ಕನಕಪುರದ ಆಚೆ ಮೇಕೆದಾಟಿನಲ್ಲಿ ಕಾವೇರಿಯು ಬೇರೆ ಜಾತಿಯ, ಬಹಳ ಗಟ್ಟಿಯಾದ ಬಂಡೆಯಲ್ಲಿ ಇಂಥವೇ ಕುಳಿಗಳನ್ನು ಕೊರೆದಿದ್ದಾಳೆ. ಸ್ವಿಟ್ಜರ್ಲೆಂಡಿನ ಲೂಸರ್ನ್ ಪಟ್ಟಣದಲ್ಲಿ 1872ರಲ್ಲಿ ನೆಲಮಾಳಿಗೆ ತೋಡುತ್ತಿದ್ದಾಗ ಸಿಕ್ಕ ಕುಳಿಗಳಲ್ಲಿ ದೊಡ್ಡದು ಒಂಬತ್ತೂವರೆ ಮೀಟರು ಆಳವಿದೆ. ಅಲ್ಲಿ ನೀರನ್ನು ರಭಸದಿಂದ ನುಗ್ಗಿಸಿದ್ದು ಹಿಮನದಿ. ಯುರೋಪಿನ ಉತ್ತರದ ಹಳ್ಳಿಗರು ಇವನ್ನು ರಾಕ್ಷಸರ ಕೊಪ್ಪರಿಗೆ ಎನ್ನುತ್ತಿದ್ದರಂತೆ. ಮರಾಠಿ ರೈತನು ರಾಕ್ಷಸನನ್ನು ಕರೆಯದೆ ಮನೆಯ ನೀರಿನ ಪಾತ್ರೆಯ ಹೆಸರಿಟ್ಟದ್ದು ನಮಗೆ ಹೆಚ್ಚು ಮೆಚ್ಚುಗೆಯಾಯಿತು.

ಈಗ ಗುಂಪಿನ ವಿಚಾರ. ಐವತ್ತು ಜನ ಒಂದು ಬಸ್ಸು ಮಾಡಿಕೊಂಡು ಹೋದರೆ ತಲೆಗೆ ಬೀಳುವ ಖರ್ಚು ಕಡಿಮೆ, ನಿಜ. ಆದರೆ ಐವತ್ತು ಜನರ ನಡುವೆ ಆ ಗವಂಡಿ ಬಾಯಿ ತೆರೆಯುತ್ತಿರಲಿಲ್ಲ. ಓದಿದವರು ಮಾತಾಡುವರು, ಉಳಿದವರು ಬುತ್ತಿ ಹೊರುವರು. ನಮ್ಮ ಬಹುತೇಕ ಪ್ರವಾಸಗಳು ಹೀಗೆಯೇ ಮುಗಿಯುತ್ತವೆ. ಕಲ್ಲಿನೊಡನೆ ಇಪ್ಪತ್ತು ವರ್ಷ ಬಾಳಿದವನಿಗೆ ಕಲ್ಲಿನ ಬಗ್ಗೆ ಹೇಳಲು ಏನೂ ಇರಲಾರದೆಂದು ನಾವು ಮೊದಲೇ ತೀರ್ಮಾನಿಸಿಬಿಡುತ್ತೇವೆ. ಒಂದು ಕುಳಿಯ ಸುತ್ತ ಎಲ್ಲರೂ ಕೂಡುವಷ್ಟು ಗುಂಪಾದರೆ, ಕೇಳುವವನ ಧ್ವನಿ ಎಲ್ಲರಿಗೂ ಮುಟ್ಟುವಷ್ಟಾದರೆ, ಅದೇ ಸರಿಯಾದ ಅಳತೆ.

ಜೀವದ ಮಾತೂ ಇದರಲ್ಲಿಯೇ ಇದೆ. ಹದಿನಾಲ್ಕು ತಲೆಗಳನ್ನು ಒಂದೇ ನೋಟದಲ್ಲಿ ಎಣಿಸಬಹುದು. ಊರಿನ ಹಿರಿಯರು ಅರ್ಧ ಗಂಟೆಗೊಮ್ಮೆ ಎಣಿಸುತ್ತಲೇ ಇದ್ದರು. ನೀರು ತುಂಬಿದ ಕುಳಿ ನೋಡಲು ಕೊಳದಂತೆ ಶಾಂತವಾಗಿರುತ್ತದೆ, ಆಳ ತಿಳಿಯುವುದಿಲ್ಲ. ನಾವು ಮೇಲೆ ಹೇಳಿದ ಅಗಲ ಹೊಟ್ಟೆ, ಕಿರಿದು ಬಾಯಿ, ನುಣ್ಣಗಿನ ಗೋಡೆ, ಇವೇ ಅಲ್ಲಿ ಬಿದ್ದವನಿಗೆ ಶತ್ರು. ಹಿಡಿಯಲು ಒಂದು ಮೊನೆಯೂ ಸಿಕ್ಕದು, ಗೋಡೆ ತಲೆಯ ಮೇಲೆ ಬಾಗಿರುತ್ತದೆ. ಈಜು ಬಲ್ಲವನೂ ಮೇಲೆ ಹತ್ತಲಾರ. ಆದುದರಿಂದ ಕುಂಡದಲ್ಲಿ ಈಜಲು ಇಳಿಯತಕ್ಕದ್ದಲ್ಲ, ಕಾಲು ತೊಳೆಯಲು ಸಹ ಅಂಚಿಗೆ ಹೋಗತಕ್ಕದ್ದಲ್ಲ. ಹಸಿರು ಪಾಚಿ ಕಂಡಲ್ಲಿ ಕಾಲಿಡಬಾರದು. ಮೊಬೈಲು ಹಿಡಿದು ಹಿಂದಕ್ಕೆ ಹೆಜ್ಜೆಯಿಡುವವರನ್ನು ಹಿರಿಯರು ಗದರಿಸಿದ್ದನ್ನು ಕಂಡು ನಮಗೆ ಸಮಾಧಾನವಾಯಿತು. ನದಿಯ ಮೇಲುಭಾಗದಲ್ಲಿ ಮಾಣಿಕಡೋಹ, ಯೆಡಗಾಂವ್ ಅಣೆಕಟ್ಟುಗಳಿವೆ. ಇಲ್ಲಿ ಆಕಾಶ ನಿರ್ಮಲವಾಗಿದ್ದರೂ ಮೇಲಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ನೀರು ಬಿಡುವ ಸುದ್ದಿಯನ್ನು ಹಿಂದಿನ ದಿನವೇ ಊರಿನವರಿಂದ ಕೇಳಿಕೊಳ್ಳಬೇಕು.

ಮಳೆಗಾಲದಲ್ಲಿ ಹೋಗಿ ಪ್ರಯೋಜನವಿಲ್ಲ. ಆಗ ಒರಳಿನ ಕೆಲಸ ನಡೆದಿರುತ್ತದೆ, ಕೆಂಪು ನೀರಿನ ಅಡಿಯಲ್ಲಿ ಏನೂ ಕಾಣದು. ದೀಪಾವಳಿ ಕಳೆದ ಮೇಲಿನಿಂದ ಬಿಸಿಲು ಬಲಿಯುವವರೆಗೆ ಒಳ್ಳೆಯ ಕಾಲ. ಪುಣೆಯಿಂದ ನಗರ ರಸ್ತೆಯಲ್ಲಿ ಎಸ್.ಟಿ. ಬಸ್ಸು ಹಿಡಿದು ಶಿರೂರಿಗೆ ಹೋಗಬೇಕು. ಅಲ್ಲಿಂದ ನಿಘೋಜ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು. ಹೆಂಗಸರಿಗೆ ಎಸ್.ಟಿ.ಯಲ್ಲಿ ಅರ್ಧ ದರವೆಂದು 2023ರ ಮಾರ್ಚಿಯಲ್ಲಿ ಆದೇಶವಾದ ಮೇಲೆ ಸಂಸಾರ ಸಮೇತ ಹೋಗುವವರಿಗೆ ಅನುಕೂಲವಾಗಿದೆ. ಬುತ್ತಿ ಮನೆಯಿಂದಲೇ ಒಯ್ಯುವುದು ಲೇಸು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕುಡಿಯುವ ನೀರು ಸಾಕು. ಹವಾಯಿ ಚಪ್ಪಲಿ ಬೇಡ. ಹಿಡಿತವಿರುವ ಬೂಟು ಇರಲಿ. ನುಣ್ಣಗಿನ ಗುಂಡೊಂದನ್ನು ಮನೆಗೆ ತರುವ ಆಸೆ ಮಕ್ಕಳಿಗೆ ಬರುತ್ತದೆ, ದೊಡ್ಡವರಿಗೂ ಬಂದಿತ್ತು. ತರಬಾರದು. ಕೆಲಸಗಾರನ ಉಳಿಯನ್ನು ಯಾರೂ ಎತ್ತಿಕೊಂಡು ಬರುವುದಿಲ್ಲ.

ಹೋಗುವ ದಾರಿಯಲ್ಲಿ ಬಸ್ಸು ಕೋರೆಗಾಂವದ ಬಳಿ ಒಂದು ಸೇತುವೆ ದಾಟುತ್ತದೆ. ಕೆಳಗೆ ಹರಿಯುವುದು ಭೀಮಾ. ಶಿರೂರಿನಲ್ಲಿ ಇನ್ನೊಂದು ನದಿ, ಘೋಡ್. ನಾಣೇಘಾಟಿನ ಹತ್ತಿರ ಹುಟ್ಟಿ, ಜುನ್ನರದ ಸೀಮೆಯಲ್ಲಿ ಹರಿದು ಬರುವ ಕುಕಡಿಯು ಕುಂಡವನ್ನು ದಾಟಿ ಘೋಡ್ ನದಿಗೆ ಸೇರುತ್ತದೆ, ಘೋಡ್ ಭೀಮೆಗೆ. ಪುಣೆಯ ಮುಳಾ-ಮುಠಾ ಸೇರುವುದೂ ಭೀಮೆಗೇ. ಆ ಭೀಮೆಯೇ ಪಂಢರಪುರದಲ್ಲಿ ಚಂದ್ರಭಾಗೆಯಾಗಿ, ಅಫಜಲಪುರ ತಾಲೂಕಿಗೆ ಬಂದು, ಗಾಣಗಾಪುರದಲ್ಲಿ ಅಮರ್ಜಾ ಹೊಳೆಯನ್ನು ಕೂಡಿಕೊಂಡು, ಸನ್ನತಿಯ ಬಳಿ ಹಾದು, ಯಾದಗಿರಿ ಸೀಮೆಯನ್ನು ತೋಯಿಸಿ ಕೃಷ್ಣೆಗೆ ಹೋಗುತ್ತಾಳೆ. ನಾಣೇಘಾಟಿನ ಗವಿಯಲ್ಲಿ ಶಾತವಾಹನರ ಶಾಸನವಿದೆ. ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅದೇ ಶಾತವಾಹನರ ಕಾಲದ ಶಿಲ್ಪಗಳಿವೆ. ಎರಡಕ್ಕೂ ಸಂಬಂಧ ಕಟ್ಟುವ ನೀರು ಈ ಕುಂಡದೊಳಗಿಂದಲೇ ಸುತ್ತಿ ಹೋಗುತ್ತದೆ.

ಇದನ್ನು ಕೇಳಿ ಯಾದಗಿರಿಯ ಇಬ್ಬರೂ ಬಹಳ ಹೊತ್ತು ಹೊಳೆಯನ್ನೇ ನೋಡುತ್ತ ನಿಂತರು. ಕಿರಿಯವನದು ಭೀಮೆಯ ದಂಡೆಯ ಊರು. ಮಳೆ ಕೈಕೊಟ್ಟ ವರ್ಷ ಹೊಲ ಬಿಟ್ಟು ಪುಣೆಗೆ ಬಂದವನು. ಈ ಕಲ್ಲಿನ ಪುಡಿಯೂ ತನ್ನ ಹೊಲಕ್ಕೆ ಬಂದು ಬೀಳುತ್ತದೆಯೇ ಎಂದು ಕೇಳಿದ. ಹಿಂದೆ ಪೂರ ಬಂದಾಗಲೆಲ್ಲ ಬರುತ್ತಿತ್ತು, 1980ರಲ್ಲಿ ಉಜನಿ ಅಣೆಕಟ್ಟು ಮುಗಿದ ಮೇಲೆ ಬಹುಪಾಲು ಹೂಳು ಅಲ್ಲಿಯೇ ನಿಲ್ಲುತ್ತದೆ ಎಂದು ಗೆಳೆಯರು ಹೇಳಿದರು. "ಹಂಗಾರ ನೀರರ ಬರ್ತದೇನ್ರೀ?" ಎಂದ. ಬಿಟ್ಟರೆ ಬರುತ್ತದೆ, ಎಂದರು ಅವರು. ಅವನು ನಕ್ಕ. ನಕ್ಕು, ತನ್ನ ಕಡೆಯಿಂದ ಪುಣೆಗೆ ಶಹಾಬಾದಿ ಫರಸಿ ಬಂದಿದೆಯೆಂದೂ, ಇಲ್ಲಿಯ ಎಷ್ಟೋ ಮನೆಗಳಿಗೆ ಅದನ್ನು ಹಾಸಿದವನು ತಾನೇ ಎಂದೂ ಹೇಳಿದ.

ಇನ್ನೊಂದು ಗುಂಪು ಕಾರ್ತಿಕ ಮುಗಿದ ಮೇಲೆ ಹೋಗಬೇಕೆಂದಿದ್ದೇವೆ. ಹೋಗಬಯಸುವವರು ವಾಚನಾಲಯದ ಮೇಜಿನ ಮೇಲಿಟ್ಟಿರುವ ಪುಸ್ತಕದಲ್ಲಿ ಹೆಸರು ಬರೆಯಬೇಕು. ಹದಿನಾಲ್ಕು ಹೆಸರು ತುಂಬಿದೊಡನೆ ಪುಸ್ತಕ ಮುಚ್ಚುತ್ತೇವೆ. ಅದರಲ್ಲಿ ಅರ್ಧದಷ್ಟು ಕೂಲಿ ಕೆಲಸದವರ ಹೆಸರಿರಲೇಬೇಕು.