ಮೊದಲ ಮಣಿಗೆ ಮರುಳಾಗಬೇಡಿ

ಒಂದು ಹೋಟೆಲಿನ ಮುಂದೆ ಜನ ಕಂಡರೆ ಸಾಕು, ನೀವೂ ಹೋಗಿ ನಿಲ್ಲುತ್ತೀರಿ. ಪಕ್ಕದ ಖಾಲಿ ಹೋಟೆಲಿನ ಕಡೆ ಇಣುಕಿಯೂ ನೋಡುವುದಿಲ್ಲ. ಕೇಳಿದರೆ, ‘ಇಷ್ಟು ಜನ ಸುಮ್ಮನೆ ಬರ್ತಾರಾ?’ ಅನ್ನುತ್ತೀರಿ. ಬರುತ್ತಾರೆ ಕಣ್ರೀ, ನಿಮ್ಮ ಹಾಗೆಯೇ ಬರುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ!

ನಂಬಿಕೆ ಬಾರದಿದ್ದರೆ ಒಂದು ಡಬ್ಬಿಗೆ ಒಂದು ಕೆಂಪು ಮಣಿ, ಒಂದು ಕಪ್ಪು ಮಣಿ ಹಾಕಿ. ಒಂದೇ ಗಾತ್ರದವಾಗಿರಲಿ, ಕೈಗೆ ಗುರುತು ಸಿಕ್ಕರೆ ಆಟ ಕೆಟ್ಟಿತು. ಕಣ್ಣುಮುಚ್ಚಿ ಒಂದನ್ನು ತೆಗೆಯಿರಿ. ಅದನ್ನು ವಾಪಸ್ ಹಾಕುವಾಗ ಅದೇ ಬಣ್ಣದ ಇನ್ನೊಂದನ್ನೂ ಸೇರಿಸಿ. ಹೀಗೇ ಮಾಡುತ್ತಾ ಹೋಗಿ. ಸಾಂಕ್ರಾಮಿಕ ರೋಗದ ಲೆಕ್ಕಾಚಾರಕ್ಕೆಂದು ಎಗೆನ್‌ಬರ್ಗರ್ ಮತ್ತು ಜಾರ್ಜ್ ಪೋಲ್ಯಾ ಎಂಬ ಗಣಿತಜ್ಞರು 1923ರಲ್ಲಿ ಬರೆದಿಟ್ಟ ಆಟ ಇದು. ಮೊದಲು ಕೆಂಪು ಬಂತೆನ್ನಿ, ಮುಂದಿನ ಸಲ ಕೆಂಪು ಬರುವ ಸಾಧ್ಯತೆ ಅರ್ಧದಿಂದ ಮೂರರಲ್ಲಿ ಎರಡಕ್ಕೆ ಏರುತ್ತದೆ. ನೂರು ಮಣಿ ತುಂಬಿದ ಮೇಲೆ ಒಂದು ಮಣಿಯಿಂದ ಶೇಕಡಾ ಒಂದರಷ್ಟೂ ಬದಲಾಗದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ನಾಣ್ಯ ಚಿಮ್ಮಿದರೆ ಹತ್ತಕ್ಕೆ ಹತ್ತೂ ರಾಜನೇ ಬೀಳುವುದು 1024ರಲ್ಲಿ ಒಂದು ಸಲ. ಈ ಡಬ್ಬಿಯಲ್ಲಿ ಹತ್ತಕ್ಕೆ ಹತ್ತೂ ಕೆಂಪು ಬರುವುದು ಹನ್ನೊಂದರಲ್ಲಿ ಒಂದು ಸಲ! ಆದ್ದರಿಂದ ಒಂದೇ ಡಬ್ಬಿ ನೋಡಿ ಎದ್ದು ಹೋಗಬೇಡಿ. ನಾಲ್ಕೈದು ಡಬ್ಬಿ ಇಟ್ಟು ಆಡಿ. ಒಂದರಲ್ಲಿ ಕೆಂಪು ಮೆರೆದರೆ ಇನ್ನೊಂದರಲ್ಲಿ ಕಪ್ಪು ಮೆರೆಯುತ್ತದೆ. ಕೆಂಪಿನಲ್ಲಿ ವಿಶೇಷ ಗುಣವೇನೂ ಇರಲಿಲ್ಲ.

ಮನುಷ್ಯರೇನು ಮಣಿಗಳೇ ಅನ್ನಬೇಡಿ. ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 14,341 ಜನರ ಮುಂದೆ 48 ಅಪರಿಚಿತ ಹಾಡುಗಳನ್ನು ಇಟ್ಟಿದ್ದರು. ಎಂಟು ಗುಂಪಿನವರಿಗೆ ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡರೆಂಬುದು ಕಾಣುತ್ತಿತ್ತು, ಇನ್ನೊಂದು ಗುಂಪಿಗೆ ಕಾಣುತ್ತಿರಲಿಲ್ಲ. ಲೆಕ್ಕ ಕಾಣದವರು 26ನೇ ಸ್ಥಾನಕ್ಕೆ ಕೂರಿಸಿದ ಹಾಡು, ಒಂದು ಗುಂಪಿನಲ್ಲಿ ಮೊದಲನೆಯದಾಯಿತು, ಮತ್ತೊಂದರಲ್ಲಿ 40ಕ್ಕೆ ಕುಸಿಯಿತು. ತೀರಾ ಒಳ್ಳೆಯದು ಮೂಲೆಗೆ ಬಿದ್ದದ್ದು ಅಪರೂಪ, ತೀರಾ ಕೆಟ್ಟದ್ದು ಮೆರೆದದ್ದೂ ಅಪರೂಪ. ನಡುವಿನವುಗಳ ಪಾಡು ಮಾತ್ರ ಆ ದೇವರಿಗೇ ಪ್ರೀತಿ.

ಹಾಗಾಗಿ ಆನ್‌ಲೈನಿನಲ್ಲಿ ಏನಾದರೂ ಕೊಳ್ಳುವಾಗ, ಬೇರೆಯವರು ಕೊಟ್ಟ ಸ್ಟಾರ್ ಎಣಿಸುವ ಮೊದಲು ಸಾಮಾನು ನೋಡಿ. ಮನೆಯವರ ಅಭಿಪ್ರಾಯ ಕೇಳುವುದಾದರೆ ಒಬ್ಬೊಬ್ಬರನ್ನೇ ಕೇಳಿ, ಯಜಮಾನರು ಮೊದಲೇ ಬಾಯಿ ಬಿಟ್ಟರೆ ಉಳಿದವರೆಲ್ಲ ಹೂಂಗುಟ್ಟುತ್ತಾರೆ.

ಮಕ್ಕಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅಂತ ಮೊದಲ ಟೆಸ್ಟಿಗೇ ತೀರ್ಪು ಕೊಡುತ್ತೀರಲ್ಲ, ಅವತ್ತು ಮಗುವಿಗೆ ಜ್ವರವಿದ್ದಿರಬಹುದು. ದಡ್ಡ ಅಂದಿರೋ, ಅದು ಕೈಯೆತ್ತುವುದನ್ನೇ ಬಿಡುತ್ತದೆ. ಕೈಯೆತ್ತದ ಮಗುವನ್ನು ಮೇಷ್ಟ್ರು ಕೇಳುವುದಿಲ್ಲ, ಮುಂದಿನ ಸಲ ಇನ್ನೆರಡು ಮಾರ್ಕ್ಸ್ ಹೋಗುತ್ತದೆ. ನಾಲ್ಕು ಟೆಸ್ಟ್ ಆಗಲಿ, ಅಲ್ಲಿಯವರೆಗೆ ದಿನಾ ಸಂಜೆ ಪಕ್ಕದಲ್ಲಿ ಕೂತು ಓದಿಸಿ.