ಸವಳು-ಜವಳು ಜಮೀನಿನಲ್ಲಿ ಮೇವು: ನೀರು, ಉಪ್ಪಿನ ಲೆಕ್ಕ ಇಡಿ



ಹಸಿ ಮೇವು ಕಡಿಮೆಯಾದರೆ ಹಿಂಡಿಯ ಖರ್ಚು ಏರುತ್ತದೆ, ಹಾಲಿನ ಲಾಭ ಇಳಿಯುತ್ತದೆ. ನಮ್ಮ ಕಾಲುವೆ ಕೆಳಗಿನ ತಗ್ಗು ಜಮೀನುಗಳಲ್ಲಿ ಮೇವು ಸೊರಗಲು ಒಂದು ದೊಡ್ಡ ಕಾರಣ ಸವಳು-ಜವಳು.

ಹಂಪಿ ಸುತ್ತ ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ನೀರಾವರಿ ಬಹಳ ವಿಸ್ತರಿಸಿತು. ಸಂಡೂರಿನ ಗುಡ್ಡದ ಇಳಿಜಾರಿನಲ್ಲಿ ನೀರು ಬಸಿದು ಹೋಗುತ್ತದೆ. ಹೊಸಪೇಟೆ, ಕಂಪ್ಲಿ ಕಡೆಯ ತಗ್ಗಿನ ಕಪ್ಪು ಮಣ್ಣಿನಲ್ಲಿ ಅದು ಬಸಿಯದೆ ಅಂತರ್ಜಲ ಮೇಲೇರುತ್ತದೆ.

ಉಪ್ಪು ಮೇಲೆ ಬರುವುದು ಹೇಗೆ?

ದೀಪದ ಬತ್ತಿ ಎಣ್ಣೆ ಎಳೆಯುವಂತೆ ಮಣ್ಣು ಕೆಳಗಿನ ನೀರನ್ನು ಮೇಲಕ್ಕೆಳೆಯುತ್ತದೆ. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಉದಾಹರಣೆಗೆ, ಅಂತರ್ಜಲದ ಪ್ರತಿ ಲೀಟರಿನಲ್ಲಿ 2 ಗ್ರಾಂ ಉಪ್ಪಿದ್ದು, ಬೇಸಿಗೆಯಲ್ಲಿ 10 ಸೆಂ.ಮೀ. ನೀರು ಹೀಗೆ ಆವಿಯಾಯಿತು ಎನ್ನೋಣ. ಎಕರೆಗೆ ಅದು ಸುಮಾರು 4 ಲಕ್ಷ ಲೀಟರ್. ಮೇಲೆ ಉಳಿಯುವ ಉಪ್ಪು ಸುಮಾರು 8 ಕ್ವಿಂಟಲ್!

ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಮಾಡುವುದೂ ಇದೇ ಜಮಾ-ಖರ್ಚಿನ ಲೆಕ್ಕ. ಹಾಯಿಸಿದ ನೀರು, ಮಳೆ, ಆವಿ, ಅಂತರ್ಜಲದ ಆಳ, ಬಸಿದುಹೋದ ನೀರು ಇವುಗಳನ್ನು ಕೂಡಿಸಿ ಕಳೆಯುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ರೂಪಿಸಿದ 'ಸಾಲ್ಟ್‌ಮಾಡ್' ಎಂಬುದು ಇಂಥ ಒಂದು ಮಾದರಿ. ಬೇರಿನ ಮಟ್ಟದಲ್ಲಿ ಉಪ್ಪು ಹಂಗಾಮಿನಿಂದ ಹಂಗಾಮಿಗೆ ಏರುವುದೋ ಇಳಿಯುವುದೋ ಎಂಬುದನ್ನು ಅದು ಅಂದಾಜು ಮಾಡುತ್ತದೆ. ಅಳತೆ ಇಲ್ಲದಿದ್ದರೆ ಯಾವ ಮಾದರಿಯೂ ಉಪಯೋಗಕ್ಕೆ ಬಾರದು.

ನೀವು ಮಾಡಬೇಕಾದದ್ದು:

1. ತೂತು ಮಾಡಿದ 2 ಇಂಚಿನ ಪೈಪನ್ನು ಹೊಲದಲ್ಲಿ 8 ಅಡಿ ಆಳಕ್ಕೆ ಇಳಿಸಿ. 15 ದಿನಕ್ಕೊಮ್ಮೆ ನೀರಿನ ಮಟ್ಟ ಅಳೆದು ಬರೆದಿಡಿ. ನೀರು 5 ಅಡಿಗಿಂತ ಮೇಲೆ ಬಂದರೆ ಎಚ್ಚರಿಕೆ ವಹಿಸಿ.

2. ಬೇಸಿಗೆಯಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ವಿದ್ಯುತ್ ವಾಹಕತೆ 4 ಡೆಸಿಸೀಮನ್ಸ್‌ಗಿಂತ ಹೆಚ್ಚಿದ್ದರೆ ಸವಳು. ರಸಸಾರ 8.5 ಮೀರಿದ್ದರೆ ಕ್ಷಾರ. ಜಿಪ್ಸಂ ಬೇಕಾಗುವುದು ಕ್ಷಾರಕ್ಕೆ. ಬರೀ ಸವಳಿದ್ದರೆ ಬಸಿಗಾಲುವೆ ತೆಗೆದು, ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ತೊಳೆಯಬೇಕು. ಬಸಿಗಾಲುವೆ ಇಲ್ಲದೆ ಎಷ್ಟು ನೀರು ಬಿಟ್ಟರೂ ಜವಳು ಹೆಚ್ಚುತ್ತದೆ.

3. ಬೇಸಿಗೆಯಲ್ಲಿ ಜಮೀನು ಬರಿದಾಗಿ ಬಿಡಬೇಡಿ. ಮೇವಿನ ಬೆಳೆ ಅಥವಾ ಹುಲ್ಲಿನ ಹೊದಿಕೆ ಇರಲಿ.

4. ಮುಸುಕಿನ ಜೋಳ ಉಪ್ಪು ತಾಳದು. ಸವಳಿಗೆ ರೋಡ್ಸ್ ಹುಲ್ಲು, ನೀರು ನಿಲ್ಲುವ ಕಡೆ ಪ್ಯಾರಾ ಹುಲ್ಲು ಹಾಕಿ.

5. ಜವಳಿನ ಬಸವನ ಹುಳುಗಳಿಂದ ರಾಸುಗಳಿಗೆ ಯಕೃತ್ತಿನ ಚಪ್ಪಟೆ ಹುಳು ತಗಲುತ್ತದೆ. ಅಲ್ಲಿ ರಾಸು ಮೇಯಿಸಬೇಡಿ. ಹುಲ್ಲನ್ನು ನೀರಿನ ಮಟ್ಟದಿಂದ ಮೇಲಕ್ಕೆ ಕೊಯ್ದು, ಒಣಗಿಸಿ ಹಾಕಿ. ರಾಸು ಬಡಕಲಾದರೆ, ದವಡೆ ಕೆಳಗೆ ಬಾವು ಬಂದರೆ ಸಗಣಿ ಪರೀಕ್ಷೆ ಮಾಡಿಸಿ. ಗಬ್ಬದ ಹಸುವಿಗೆ ವೈದ್ಯರನ್ನು ಕೇಳದೆ ಜಂತು ಔಷಧಿ ಕುಡಿಸಬೇಡಿ.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಮಣ್ಣಿನ ಬಗ್ಗೆಯೇ ಸಂಶೋಧನೆ ನಡೆಸುತ್ತಿದೆ. ನಿಮ್ಮ ಪೈಪಿನ ಅಳತೆ, ಮಣ್ಣಿನ ವರದಿ ಎರಡನ್ನೂ ತೆಗೆದುಕೊಂಡು ಹೋಗಿ ಸಲಹೆ ಪಡೆಯಿರಿ. ಬಸಿಗಾಲುವೆಗೆ ಅಕ್ಕಪಕ್ಕದ ಹೊಲದವರೂ ಕೂಡಬೇಕಾಗುತ್ತದೆ. ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚಿಸಿ.