ಒಂದೇ ವಚನದ ಶರಣೆ

ಅಕ್ಕಮಹಾದೇವಿಯ ಚರಿತೆಯನ್ನು ಕಾದಂಬರಿಯಾಗಿ ಬರೆಯಹೊರಟವರಿಗೆ ಹರಿಹರನ ರಗಳೆಯುಂಟು, ಅಕ್ಕನ ನೂರಾರು ವಚನಗಳುಂಟು. ೧೨ನೆಯ ಶತಮಾನದ ಶಿವಶರಣೆ ಸೂಳೆ ಸಂಕವ್ವೆಯದಾದರೋ ದೊರೆತಿರುವುದು ಒಂದೇ ವಚನ, ಅಂಕಿತ ‘ನಿರ್ಲಜ್ಜೇಶ್ವರ’. ಆಕೆಯ ಊರು, ತಾಯಿತಂದೆಗಳು, ಕೊನೆಗಾಲ ಇವಾವುವೂ ಅದರಲ್ಲಿಲ್ಲ. ಇಂತಹವಳನ್ನು ಕುರಿತು ಕಾದಂಬರಿ ಬರೆಯಬಹುದೇ? ಬರೆಯಬಹುದು, ಬರೆಯಲೂಬೇಕು. ಆದರೆ ಕಲ್ಪನೆಗೂ ಒಂದು ಶೀಲವುಂಟು.

ಮನೆ, ಬೀದಿ, ನೆರೆಹೊರೆಯವರ ನಿಂದೆ, ಆಕೆಯ ಒಳಗುದಿ ಇವನ್ನು ಲೇಖಕರು ಕಾಲಕ್ಕೊಪ್ಪುವಂತೆ ಕಟ್ಟಿಕೊಳ್ಳಲಿ. ಆದರೆ ಹೊಸ ವಚನವೊಂದನ್ನು ಹೆಣೆದು ಅದಕ್ಕೆ ಆಕೆಯ ಅಂಕಿತವನ್ನಿಡುವುದು ಸಲ್ಲದು. ಓದುಗರು ಅದನ್ನೇ ನಿಜವೆಂದು ಕಂಠಪಾಠ ಮಾಡಿಯಾರು. ಉಳಿದಿರುವ ಒಂದು ಸತ್ಯವೂ ಮಸುಳೀತು.

ನಾಚಿಕೆಯಿಂದ ಆಕೆಯ ವೃತ್ತಿಯನ್ನು ಮರೆಮಾಚುವುದೂ ತಪ್ಪೇ. ಸಂಕವ್ವೆ ಆ ವೃತ್ತಿಯ ಮಾತಿನಿಂದಲೇ ತನ್ನ ವ್ರತನಿಷ್ಠೆಯನ್ನು ಸಾರಿದಳು. ದೇವನನ್ನು ನಿರ್ಲಜ್ಜೇಶ್ವರನೆಂದೇ ಕರೆದಳು. ಆಕೆಯೇ ಮುಚ್ಚದುದನ್ನು ಬರೆಯುವವರೇಕೆ ಮುಚ್ಚಬೇಕು?

ಮನೆಯಲ್ಲಿ ಮಕ್ಕಳಿಗೆ ಇಂತಹ ಕಥೆಯನ್ನು ಹೇಳುವ ಸದ್ಭಕ್ತರು ಮೊದಲು ಆ ಒಂದು ವಚನವನ್ನು ಓದಿಸಲಿ. ಕಥೆ ಅದರ ಬೆನ್ನಿಗೆ ಬರಲಿ, ಮುಂದೆ ನಿಲ್ಲದಿರಲಿ.